ವರಪ್ರಸಾದವನ್ನು ಪಡೆಯುವ ದೀನತೆ

(ಶತಮಾನೋತ್ಸವದ ನವದಿನ ಪ್ರಾರ್ಥನೆಯ ಐದನೆಯ ಸಂಜೆ ವಿಚಾರಣಾ ಗುರುಗಳು ನೀಡಿದ ಪ್ರಬೋಧನೆ)



ನಮ್ಮ ದೇವಾಲಯದ ಮುಂಬಾಗಿಲಿನ ಎಡಗೋಡೆಯಲ್ಲಿ ಈ ವಾರ ಹೊಸದಾಗಿ ಒಂದು ಕಲ್ಲುಹಲಗೆಯನ್ನು ಕೂರಿಸಲಾಗಿದೆ. ಶತಮಾನೋತ್ಸವದ ಜೀರ್ಣೋದ್ಧಾರ ಕಾರ್ಯಕ್ಕೆ ಉದಾರವಾಗಿ ನೆರವಾದವರ ಹೆಸರುಗಳನ್ನು ಅದರಲ್ಲಿ ಕೆತ್ತಿಸಿದ್ದೇವೆ. ಕೊಟ್ಟವರನ್ನು ಸ್ಮರಿಸುವುದು ಧರ್ಮ. ಕೆತ್ತುವವನು ಒಂದು ಹೆಸರಿನಲ್ಲಿ ಒತ್ತಕ್ಷರವನ್ನು ಬಿಟ್ಟನೆಂದು ಈಗಾಗಲೇ ಮೂರು ಸಲ ನಮಗೆ ದೂರು ಬಂದಿದೆ, ಅದನ್ನು ಸರಿಪಡಿಸಲಾಗುವುದು. ಆದರೆ ನಿನ್ನೆ ಸಂಜೆ ಜಪಸರ ಹಿಡಿದು ಆ ಹಲಗೆಯ ಮುಂದೆ ನಿಂತಿದ್ದಾಗ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿತು. ಈ ಆಲಯಕ್ಕೆ ಕೊಟ್ಟವರ ಪಟ್ಟಿ ಇಲ್ಲಿದೆ, ಸರಿ. ಈ ಆಲಯದಿಂದ ಪಡೆದವರ ಪಟ್ಟಿ ಎಲ್ಲಿದೆ?

ಅದೂ ಇದೆ, ಪ್ರಿಯರೇ. ಗುರುನಿವಾಸದ ಮರದ ಬೀರುವಿನಲ್ಲಿದೆ. ಜ್ಞಾನಸ್ನಾನದ ದಾಖಲೆ ಪುಸ್ತಕಗಳೆಂದು ಅದಕ್ಕೆ ಹೆಸರು. ಮೊದಲಿನವು ಲತೀನ್ ಭಾಷೆಯಲ್ಲಿವೆ. ಮಸಿ ಕಂದಿದೆ, ಅಂಚುಗಳನ್ನು ಗೆದ್ದಲು ತಿಂದಿದೆ. ಆದರೂ ನಿಮ್ಮ ತಾತ ಮುತ್ತಾತಂದಿರ ಹೆಸರುಗಳನ್ನು ಇಂದಿಗೂ ಓದಬಹುದು. ಕಲ್ಲುಹಲಗೆಯಲ್ಲಿರುವವರ ಹೆಸರೂ ಅಲ್ಲಿದೆ, ಇಲ್ಲದವರ ಹೆಸರೂ ಅಲ್ಲಿದೆ. ಒಂದೇ ವ್ಯತ್ಯಾಸವೆಂದರೆ, ಆ ಪುಸ್ತಕದಲ್ಲಿ ಯಾರ ಹೆಸರಿನ ಮುಂದೆಯೂ ಮೊಬಲಗು ಬರೆದಿಲ್ಲ. ಹುಟ್ಟಿ ಎಂಟೋ ಹದಿನೈದೋ ದಿನವಾದ ಹಸುಗೂಸುಗಳು ಅವು. ತಾಯಿಯ ತೋಳಿನಲ್ಲಿ ಬಂದವು, ತಲೆಯ ಮೇಲೆ ನೀರು ಬಿದ್ದಾಗ ಅತ್ತವು, ದೇವರ ಮಕ್ಕಳಾಗಿ ಮನೆಗೆ ಮರಳಿದವು. ನಮ್ಮ ಕ್ರೈಸ್ತ ಜೀವನದ ಮೊದಲನೆಯ ದಿನ ನಾವು ಮಾಡಿದ ಏಕೈಕ ಕಾರ್ಯವೆಂದರೆ ಪಡೆದದ್ದು. ಆ ವಿದ್ಯೆಯನ್ನು ನಾವು ಬೆಳೆಯುತ್ತ ಬೆಳೆಯುತ್ತ ಮರೆತೆವೇ ಎಂಬುದನ್ನು ಈ ಸಂಜೆ ನಿಮ್ಮೊಡನೆ ಆಲೋಚಿಸಬೇಕೆಂದಿದ್ದೇವೆ.

ಕಡೆಯ ಭೋಜನದ ರಾತ್ರಿಯನ್ನು ನೆನೆಯೋಣ. ಸಂತ ಯೊವಾನ್ನರ ಶುಭಸಂದೇಶದ ಹದಿಮೂರನೆಯ ಅಧ್ಯಾಯ. ಯೇಸುಸ್ವಾಮಿ ಊಟದಿಂದೆದ್ದು ಮೇಲುಡುಪನ್ನು ತೆಗೆದಿಟ್ಟು, ಸೊಂಟಕ್ಕೆ ಅಂಗವಸ್ತ್ರ ಸುತ್ತಿಕೊಂಡು, ಬೋಗುಣಿಯಲ್ಲಿ ನೀರು ತುಂಬಿ ಶಿಷ್ಯರ ಪಾದಗಳನ್ನು ತೊಳೆಯತೊಡಗುತ್ತಾರೆ. ಆ ನಾಡಿನ ಧೂಳು ದಾರಿಗಳಲ್ಲಿ ನಡೆದು ಬಂದ ಅತಿಥಿಯ ಪಾದ ತೊಳೆಯುವುದು ಮನೆಯ ಆಳಿನ ಕೆಲಸ. ಪೇತ್ರ ತನ್ನ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಎಂದೆಂದಿಗೂ ಕೂಡದು ಎನ್ನುತ್ತಾನೆ. ನೋಡಿದರೆ ಇದು ದೀನತೆಯಂತೆಯೇ ಕಾಣುತ್ತದೆ. ನಮ್ಮ ಮನೆಗೆ ಧರ್ಮಾಧ್ಯಕ್ಷರು ಬಂದು ಬೋಗುಣಿ ಹಿಡಿದರೆ ನಾವೂ ಹಾಗೆಯೇ ಹಿಂದೆ ಸರಿಯುತ್ತೇವೆ; ನೋಡಿದವರು ನಮ್ಮನ್ನು ವಿನಯವಂತರೆಂದು ಹೊಗಳುತ್ತಾರೆ. ಆದರೆ ಯೇಸುಸ್ವಾಮಿ ಹೊಗಳಲಿಲ್ಲ. ನೀನು ತೊಳೆಸಿಕೊಳ್ಳದಿದ್ದರೆ ನನ್ನೊಡನೆ ನಿನಗೆ ಪಾಲಿಲ್ಲ ಎಂಬರ್ಥದ ಕಠಿಣವಾದ ಮಾತನ್ನೇ ಆಡಿದರು. ಶಿಷ್ಯರಿಗೆ ಅವರು ಹೇಳಿದ ಕಠಿಣ ಮಾತುಗಳಲ್ಲಿ ಇದೂ ಒಂದು. ಅದೂ ಪಾಪ ಮಾಡಿದ್ದಕ್ಕಲ್ಲ, ಸೇವೆಯನ್ನು ಒಲ್ಲೆನೆಂದದ್ದಕ್ಕೆ. ಆಗ ಪೇತ್ರನ ಪಾಡು ನೋಡಿರಿ: ಹಾಗಾದರೆ ಕೈಯನ್ನೂ ತಲೆಯನ್ನೂ ತೊಳೆಯಿರಿ ಎನ್ನುತ್ತಾನೆ. ಒಂದು ಗಳಿಗೆಯ ಹಿಂದೆ ಏನೂ ಬೇಡವೆಂದವನು ಈಗ ಕೊಟ್ಟದ್ದಕ್ಕಿಂತ ಹೆಚ್ಚನ್ನು ಕೇಳುತ್ತಾನೆ. ಎರಡರಲ್ಲೂ ಅಳತೆಯನ್ನು ನಿರ್ಧರಿಸುವವನು ತಾನೇ ಆಗಬೇಕೆಂಬುದು ಅವನ ಹಟ.

ಪವಿತ್ರ ಗುರುವಾರದಂದು ಈ ವಿಧಿಯನ್ನು ನಾವು ಪ್ರತಿವರ್ಷವೂ ಆಚರಿಸುತ್ತೇವೆ. 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ಪವಿತ್ರ ವಾರದ ವಿಧಿಗಳನ್ನು ಪರಿಷ್ಕರಿಸಿದಾಗ, ಪಾದ ತೊಳೆಯುವ ವಿಧಿಯನ್ನು ಸಂಜೆಯ ಬಲಿಪೂಜೆಯ ನಡುವೆಯೇ ನೆರವೇರಿಸಲು ಅವಕಾಶವಾಯಿತು. ಮುಂದೆ 2013ರಲ್ಲಿ ದಿವಂಗತ ಜಗದ್ಗುರು ಫ್ರಾನ್ಸಿಸರು ತಮ್ಮ ಮೊದಲನೆಯ ಪವಿತ್ರ ಗುರುವಾರವನ್ನು ರೋಮ್ ನಗರದ ಒಂದು ಬಾಲಾಪರಾಧಿಗಳ ಕಾರಾಗೃಹದಲ್ಲಿ ಆಚರಿಸಿ, ಅಲ್ಲಿನ ಹುಡುಗ ಹುಡುಗಿಯರ ಪಾದಗಳನ್ನು ತೊಳೆದರು. 2016ರಲ್ಲಿ ಅವರ ಇಚ್ಛೆಯಂತೆ ಆ ವಿಧಿಯಲ್ಲಿ ಸ್ತ್ರೀಯರೂ ಭಾಗವಹಿಸಬಹುದೆಂದು ವಿಧ್ಯುಕ್ತವಾಗಿ ಸಾರಲಾಯಿತು. ಆ ವರ್ಷ ನಮ್ಮಲ್ಲಿ ಕೆಲವರು ಹುಬ್ಬೇರಿಸಿದ್ದು ನಮಗೆ ನೆನಪಿದೆ. ಅದು ಇರಲಿ.

ನಾವು ಹೇಳಹೊರಟದ್ದು ಬೇರೆ. ಇಷ್ಟು ವರ್ಷಗಳಲ್ಲಿ ಎಷ್ಟೋ ಧರ್ಮಕೇಂದ್ರಗಳಲ್ಲಿ ಪಾದಗಳನ್ನು ತೊಳೆದಿದ್ದೇವೆ. ಒಂದು ಗುಟ್ಟನ್ನು ಹೇಳುತ್ತೇವೆ, ನಗಬೇಡಿ. ಕೊಳೆಯಾದ ಪಾದವೊಂದನ್ನೂ ಈವರೆಗೆ ನಾವು ತೊಳೆದಿಲ್ಲ! ಆರಿಸಲ್ಪಟ್ಟ ಹನ್ನೆರಡು ಮಂದಿಯೂ ಮನೆಯಲ್ಲೇ ಸೋಪು ಹಾಕಿ ಉಜ್ಜಿ ತೊಳೆದುಕೊಂಡು, ಉಗುರು ಕತ್ತರಿಸಿಕೊಂಡು, ಹೊಸ ಚಪ್ಪಲಿ ಮೆಟ್ಟಿಕೊಂಡು ಬರುತ್ತಾರೆ. ಹಿಂದೆ ಒಂದು ಊರಿನಲ್ಲಿ ತೋಟದ ಕೂಲಿ ಮಾಡುತ್ತಿದ್ದ ಒಬ್ಬರಿದ್ದರು. ಭಕ್ತಿವಂತರು, ಒಂದು ಭಾನುವಾರವೂ ಪೂಜೆ ತಪ್ಪಿಸಿದವರಲ್ಲ. ಹಿಮ್ಮಡಿ ಪೂರ್ತಿ ಬಿರುಕುಬಿಟ್ಟಿತ್ತು. ಎರಡು ವರ್ಷ ಕರೆದೆವು. "ಬ್ಯಾಡ ಸ್ವಾಮಿ, ಈ ಕಾಲ ನೀವು ಮುಟ್ಟಬ್ಯಾಡಿ" ಎಂದು ಕೈಮುಗಿದು ತಪ್ಪಿಸಿಕೊಂಡರು. ಮೂರನೆಯ ವರ್ಷ ಒಪ್ಪಿ ಬಂದರು. ಬಂದು ಕುಳಿತಾಗ ನೋಡುತ್ತೇವೆ, ಒಂದು ವಾರದಿಂದ ಕಲ್ಲಿನಲ್ಲಿ ಉಜ್ಜಿ ಕೊಬ್ಬರಿ ಎಣ್ಣೆ ಸವರಿಕೊಂಡು, ಬಿರುಕುಗಳನ್ನು ಆದಷ್ಟೂ ಮರೆಮಾಡಿದ್ದರು. ನಮ್ಮ ನೀರಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಆ ಸಜ್ಜನರನ್ನು ನಾವು ಹಾಸ್ಯ ಮಾಡುತ್ತಿಲ್ಲ. ನಾವೆಲ್ಲರೂ ದೇವರ ಬಳಿಗೆ ಹೋಗುವುದು ಹೀಗೆಯೇ ಅಲ್ಲವೇ? "ಸ್ವಾಮಿ, ಈ ಕುಡಿತವನ್ನು ಬಿಟ್ಟ ಮೇಲೆ ಪಾಪನಿವೇದನೆಗೆ ಬರುತ್ತೇನೆ" ಎನ್ನುವವರಿದ್ದಾರೆ. "ಅಣ್ಣನೊಡನೆ ಜಮೀನಿನ ವ್ಯಾಜ್ಯ ಮುಗಿಯಲಿ, ಆಮೇಲೆ ಪರಮಪ್ರಸಾದ ಸ್ವೀಕರಿಸುತ್ತೇನೆ" ಎನ್ನುವವರಿದ್ದಾರೆ. ಸಂಧಾನ ಮಾಡಿಕೊಳ್ಳಬೇಕು, ನಿಜ. ಅದನ್ನು ಕ್ರಿಸ್ತರೇ ವಿಧಿಸಿದ್ದಾರೆ. ಆದರೆ ಮನಸ್ಸಿನ ತಳದಲ್ಲಿರುವ ಲೆಕ್ಕ ಬೇರೆ. ಮೊದಲು ನಾನೇ ಶುದ್ಧನಾಗುತ್ತೇನೆ, ಅನಂತರ ದೇವರ ಮುಂದೆ ನಿಲ್ಲುತ್ತೇನೆ ಎಂಬುದು ಆ ಲೆಕ್ಕ. ವೈದ್ಯರ ಬಳಿಗೆ ಹೋಗುವ ಮುನ್ನ ಜ್ವರ ಬಿಡಲೆಂದು ಕಾಯುವವನ ಹಾಗೆ.

ಧರ್ಮಸಭೆ ಈ ಲೆಕ್ಕವನ್ನು ಬಹುಹಿಂದೆಯೇ ಪರಿಶೀಲಿಸಿ ತಪ್ಪೆಂದು ತೀರ್ಮಾನಿಸಿದೆ. ಐದನೆಯ ಶತಮಾನದ ಆದಿಭಾಗದಲ್ಲಿ ಪೆಲಾಜಿಯುಸ್ ಎಂಬ ತಪಸ್ವಿಯಿದ್ದನು. ದುರಾಚಾರಿಯಲ್ಲ, ಕಟ್ಟುನಿಟ್ಟಿನ ಜೀವನ ನಡೆಸಿದವನು. ರೋಮಿನ ಕ್ರೈಸ್ತರ ಸೋಮಾರಿತನವನ್ನು ಕಂಡು ನೊಂದವನು. ಮನುಷ್ಯ ಮನಸ್ಸು ಮಾಡಿದರೆ ತನ್ನ ಸ್ವಂತ ಇಚ್ಛಾಶಕ್ತಿಯಿಂದಲೇ ದೇವರ ಆಜ್ಞೆಗಳನ್ನು ಪಾಲಿಸಬಲ್ಲನೆಂಬುದು ಅವನ ಬೋಧನೆ. ಹಿಪ್ಪೋ ನಗರದ ಧರ್ಮಾಧ್ಯಕ್ಷರಾದ ಸಂತ ಅಗುಸ್ತೀನರು ಇದನ್ನು ಪ್ರಬಲವಾಗಿ ಖಂಡಿಸಿದರು. ಏಕೆಂದರೆ ಅಗುಸ್ತೀನರಿಗೆ ತಮ್ಮ ಯೌವನದ ಇಚ್ಛಾಶಕ್ತಿಯ ಪರಿಚಯ ಚೆನ್ನಾಗಿತ್ತು! ಬಿಡಬೇಕೆಂದು ಅತ್ತರೂ ಬಿಡಲಾಗದೆ ಒದ್ದಾಡಿದವರು ಅವರು. ತಮ್ಮನ್ನು ಮೇಲೆತ್ತಿದ್ದು ತಮ್ಮ ಕೈಯಲ್ಲವೆಂದು ಅವರು ಅನುಭವದಿಂದ ಬಲ್ಲವರಾಗಿದ್ದರು. 418ರಲ್ಲಿ ಕಾರ್ಥೇಜಿನ ಸಭೆ ಪೆಲಾಜಿಯುಸನ ಬೋಧನೆಯನ್ನು ತಿರಸ್ಕರಿಸಿತು. 529ರಲ್ಲಿ ಓರೆಂಜಿನ ಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿಶ್ವಾಸದ ಪ್ರಾರಂಭವೂ ದೇವರ ವರವೇ ಎಂದು ಸಾರಿತು. ದೇವರತ್ತ ತಿರುಗಬೇಕೆಂಬ ಆ ಮೊದಲ ಆಸೆಯೂ ನಮ್ಮದಲ್ಲ, ಕೊಡಲ್ಪಟ್ಟದ್ದು. 1547ರಲ್ಲಿ ತ್ರೆಂತ್ ಮಹಾಸಭೆ ಇದನ್ನೇ ಮತ್ತೆ ಸ್ಥಿರಪಡಿಸಿತು. ಜೊತೆಗೆ, ಮನುಷ್ಯ ಮರದ ತುಂಡಿನಂತೆ ಬಿದ್ದಿರುವುದಿಲ್ಲ, ಬಂದ ವರಪ್ರಸಾದಕ್ಕೆ ಸಮ್ಮತಿಸಿ ಸಹಕರಿಸುತ್ತಾನೆ ಎಂಬುದನ್ನೂ ಹೇಳಿತು. ಪಡೆಯುವುದೂ ಒಂದು ಕೆಲಸವೇ. ಕೈಯನ್ನಾದರೂ ತೆರೆಯಬೇಕಲ್ಲ.

ಗುರುಮಠದಲ್ಲಿ ನಾವು ಇದನ್ನೆಲ್ಲ ಒಂದು ವರ್ಷ ಓದಿ, ಪರೀಕ್ಷೆ ಬರೆದು, ಒಳ್ಳೆಯ ಅಂಕಗಳನ್ನೂ ಗಳಿಸಿದ್ದೆವು. 'ಗ್ರಾತ್ಸಿಯ' ಎಂಬ ಲತೀನ್ ಪದಕ್ಕೂ, ಬೆಲೆಯಿಲ್ಲದೆ ಸಿಕ್ಕದ್ದಕ್ಕೆ ಹೇಳುವ 'ಗ್ರಾತಿಸ್' ಎಂಬ ಪದಕ್ಕೂ ಬೇರು ಒಂದೇ ಎಂದು ನಮ್ಮ ಉಪಾಧ್ಯಾಯರು ಹೇಳುತ್ತಿದ್ದರು. ಕನ್ನಡದ 'ವರಪ್ರಸಾದ' ಇನ್ನೂ ಸೊಗಸಾಗಿದೆ. ಪ್ರಸಾದವನ್ನು ಯಾರೂ ತೂಕ ಮಾಡಿ ಕೊಳ್ಳುವುದಿಲ್ಲ. ಎರಡೂ ಅಂಗೈಗಳನ್ನು ಸೇರಿಸಿ, ತಲೆ ಬಾಗಿಸಿ, ಕೊಟ್ಟಷ್ಟನ್ನು ತೆಗೆದುಕೊಳ್ಳುವುದು. ಅಂಗೈ ಖಾಲಿಯಿರಬೇಕು ಅಷ್ಟೆ.

ಖಾಲಿ ಕೈ ಎಂದೊಡನೆ ಕಿರುಪುಷ್ಪ ಸಂತ ತೆರೇಸಮ್ಮನವರ ನೆನಪಾಗುತ್ತದೆ. 1897ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ಮಡಿದ ಈ ಕನ್ಯಾಸ್ತ್ರೀಯನ್ನು ಧರ್ಮಸಭೆ 1997ರಲ್ಲಿ ತನ್ನ ಮಹಾ ಪಂಡಿತರ ಸಾಲಿಗೆ ಸೇರಿಸಿತು. ಜೀವನದ ಸಂಜೆಯಲ್ಲಿ ದೇವರ ಮುಂದೆ ಬರಿಗೈಯಲ್ಲಿ ನಿಲ್ಲುವೆನೆಂದು ಅವರು ಬರೆದಿಟ್ಟರು. ರೋಮ್ ಯಾತ್ರೆಯ ಕಾಲದಲ್ಲಿ ಹೋಟೆಲುಗಳಲ್ಲಿ ಕಂಡ ಲಿಫ್ಟು ಅವರ ಮನಸ್ಸಿನಲ್ಲಿ ಉಳಿದಿತ್ತು. ಪರಿಪೂರ್ಣತೆಯ ಕಡಿದಾದ ಮೆಟ್ಟಿಲುಗಳನ್ನು ಹತ್ತಲಾರದ ಪುಟ್ಟ ಮಗು ತಾನು. ಯೇಸುವಿನ ತೋಳುಗಳೇ ತನ್ನನ್ನು ಮೇಲಕ್ಕೊಯ್ಯುವ ಲಿಫ್ಟು ಎಂದರು. ಲಿಫ್ಟಿನಲ್ಲಿ ಹೋಗುವವನು ತಾನೇ ಹತ್ತಿದೆನೆಂದು ಹೇಳಿಕೊಳ್ಳಲು ಬರುವುದಿಲ್ಲ.

ದೇವರಿಂದ ಪಡೆಯುವುದನ್ನಾದರೂ ನಾವು ಒಪ್ಪಿಯೇವು. ಮನುಷ್ಯರಿಂದ ಪಡೆಯುವುದೆಂದರೆ? ಅಲ್ಲಿಯೇ ನಮಗೆ ಕಷ್ಟ. ಕನ್ನಡದಲ್ಲಿ 'ಹಂಗು' ಎಂಬ ಒಂದು ಮಾತಿದೆ. ಯಾರ ಹಂಗೂ ಬೇಡ, ಹಂಗಿನ ಅನ್ನ ಬೇಡ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹಂಗಿಗೆ ಹೆದರುವುದಕ್ಕೆ ಕಾರಣವೂ ಉಂಟು. ಒಂದು ಸೇರು ರಾಗಿ ಕೊಟ್ಟು ಒಂದು ತಲೆಮಾರು ಆಡಿಕೊಳ್ಳುವ ಜನರಿದ್ದಾರೆ. ಹಾಗೆ ಕೊಡುವವರ ಪಾಪ ಪಡೆಯುವವರ ಸಂಕೋಚಕ್ಕಿಂತ ದೊಡ್ಡದು ಎಂಬುದನ್ನು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಇನ್ನು ಮದುವೆಯ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವವರನ್ನು ನೋಡಿದ್ದೀರಿ. ಚಪ್ಪರದ ಬಾಗಿಲಲ್ಲಿ ಮೇಜು ಹಾಕಿ, ಪುಸ್ತಕ ತೆರೆದು, ಯಾರು ಎಷ್ಟು ಎಂದು ದಾಖಲಿಸುತ್ತಾರೆ. ಅವರ ಮನೆಯ ಮದುವೆಗೆ ಅಷ್ಟನ್ನೇ, ಸಾಧ್ಯವಾದರೆ ನೂರು ರೂಪಾಯಿ ಹೆಚ್ಚಿಗೆ, ಹಿಂದಿರುಗಿಸುತ್ತೇವೆ. ಹೊಲದ ಕೆಲಸಕ್ಕೂ ಮುಯ್ಯಾಳು ಪದ್ಧತಿಯಿದೆ. ಒಳ್ಳೆಯ ಪದ್ಧತಿ, ಹಳ್ಳಿಗಳು ಬಾಳಿದ್ದು ಇದರಿಂದಲೇ. ಆದರೆ ಹಿಂದಿರುಗಿಸಲಾರದವರನ್ನು ಔತಣಕ್ಕೆ ಕರೆಯಿರಿ ಎಂದು ಯೇಸುಸ್ವಾಮಿ ಹೇಳಿದಾಗ ಅವರು ಮುಯ್ಯಿಯ ಪುಸ್ತಕವನ್ನೇ ಮುಚ್ಚಿಟ್ಟರು. ಆ ಔತಣದಲ್ಲಿ ಹಿಂದಿರುಗಿಸಲಾರದ ಆ ಅತಿಥಿಗಳು ಯಾರು? ನಾವು ಆತಿಥೇಯರ ಜಾಗದಲ್ಲಿ ನಿಂತು ಆ ಸಾಮತಿಯನ್ನು ಓದುತ್ತೇವೆ. ಕುಂಟರು, ಕುರುಡರು, ಬಡವರು ಕುಳಿತ ಸಾಲಿನಲ್ಲಿ ನಮ್ಮ ಎಲೆಯೂ ಇದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ.

2020ರಲ್ಲಿ ಕೊರೋನಾ ಪಿಡುಗಿನ ಕಾಲದಲ್ಲಿ ದೇವಾಲಯದ ಬಾಗಿಲು ಮುಚ್ಚಿದ್ದ ದಿನಗಳು ನಿಮಗೆ ನೆನಪಿರಬಹುದು. ಗುರುನಿವಾಸದ ಜಗಲಿಯಿಂದ ಅಕ್ಕಿ, ಬೇಳೆ, ಎಣ್ಣೆಯ ಚೀಲಗಳನ್ನು ಹಂಚುತ್ತಿದ್ದೆವು. ಒಂದು ರಾತ್ರಿ ಹಿತ್ತಲ ಬಾಗಿಲು ತಟ್ಟಿದ ಸದ್ದಾಯಿತು. ಪ್ರತಿವರ್ಷ ಹಬ್ಬದ ಊಟಕ್ಕೆ ಉದಾರವಾಗಿ ಕೊಡುತ್ತಿದ್ದ ಒಬ್ಬರು ನಿಂತಿದ್ದರು. ನಗರದಲ್ಲಿದ್ದ ಮಗನ ಕೆಲಸ ಹೋಗಿತ್ತು. ಮನೆಯಲ್ಲಿ ಆರು ಜನ. ಚೀಲವನ್ನು ಟವೆಲಿನಲ್ಲಿ ಸುತ್ತಿಕೊಂಡರು. "ಪಟ್ಟಿಯಲ್ಲಿ ನನ್ನ ಹೆಸರು ಬರೀಬೇಡಿ ಸ್ವಾಮಿ" ಎಂದರು. ಬರೆಯಲಿಲ್ಲ. ಅವರು ಯಾರೆಂದು ಇಂದಿಗೂ ಯಾರಿಗೂ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಆದರೆ ಕತ್ತಲಲ್ಲಿ ನಡೆದುಹೋದ ಆ ಹಿರಿಯರ ಬೆನ್ನನ್ನು ನೋಡಿ ನಮಗೆ ಅನ್ನಿಸಿತು: ನೂರು ವರ್ಷಗಳಿಂದ ಒಟ್ಟಿಗೆ ಪ್ರಾರ್ಥಿಸಿದ ಜನ, ಒಬ್ಬರ ಮುಂದೆ ಒಬ್ಬರು ಹಸಿದಿದ್ದೇವೆಂದು ಹೇಳಿಕೊಳ್ಳುವಷ್ಟು ಸಲಿಗೆಯನ್ನು ನಾವು ಬೆಳೆಸಿಕೊಳ್ಳಲಿಲ್ಲವಲ್ಲ.

ನಮ್ಮ ಪ್ರಭುವಿಗೆ ಈ ನಾಚಿಕೆ ಇರಲಿಲ್ಲ. ಶುಭಸಂದೇಶಗಳನ್ನು ಈ ಕಣ್ಣಿನಿಂದ ಒಮ್ಮೆ ಓದಿ ನೋಡಿ. ಹುಟ್ಟಿದಾಗ ಮಲಗಿದ್ದು ದನಗಳ ಗೋದಲಿಯಲ್ಲಿ. ಬೋಧಿಸಲು ಹತ್ತಿದ ದೋಣಿ ಸಿಮೋನನದು. ಊರೂರು ತಿರುಗುತ್ತಿದ್ದಾಗ ಅವರ ಮತ್ತು ಶಿಷ್ಯರ ಖರ್ಚನ್ನು ನೋಡಿಕೊಂಡವರು ಕೆಲವು ಸ್ತ್ರೀಯರು. ಹೆರೋದನ ಅಧಿಕಾರಿಯ ಹೆಂಡತಿ ಯೊವಾನ್ನ, ಸುಸನ್ನ ಮುಂತಾದವರ ಹೆಸರುಗಳನ್ನು ಸಂತ ಲೂಕರು ಬರೆದಿಟ್ಟಿದ್ದಾರೆ. ಬೆಥಾನಿಯಲ್ಲಿ ಮುನ್ನೂರು ದೆನಾರಿ ಬೆಲೆಬಾಳುವ ಸುಗಂಧ ತೈಲವನ್ನು ಪಾದಕ್ಕೆ ಸುರಿದಾಗ, ಬಡವರಿಗೆ ಕೊಡಬಹುದಿತ್ತಲ್ಲ ಎಂದು ಯೂದನು ಗೊಣಗಿದನು. ಯೇಸುಸ್ವಾಮಿ ಆಕೆಯನ್ನು ತಡೆಯಲಿಲ್ಲ. ಜೆರುಸಲೇಮಿಗೆ ಹೋಗಲು ಎರವಲು ಕತ್ತೆ. ಕಡೆಯ ಭೋಜನಕ್ಕೆ ಮತ್ತೊಬ್ಬರ ಮಾಳಿಗೆ. ಶಿಲುಬೆ ಹೊರಲಾರದೆ ಕುಸಿದಾಗ ಸಿರೇನ್ಯದ ಸಿಮೋನನ ಹೆಗಲು. ಸತ್ತ ಮೇಲೆ ಅರಿಮಥಾಯದ ಜೋಸೆಫನ ಸಮಾಧಿ. ಕೊಡುವುದಕ್ಕೆಂದೇ ಬಂದವರು ತೊಟ್ಟಿಲಿನಿಂದ ಗೋರಿಯವರೆಗೆ ಪಡೆಯುತ್ತಲೇ ಹೋದರು.

ಇವೆಲ್ಲವುಗಳಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಸಮಾರಿಯದ ಬಾವಿ. ಆಕೆ ಸಮಾರಿಯದವಳು, ಯೆಹೂದ್ಯರು ಆ ಜನರ ಪಾತ್ರೆಯಲ್ಲಿ ಕುಡಿಯುತ್ತಿರಲಿಲ್ಲ. ಆಕೆಗೆ ಜೀವಜಲವನ್ನು ಕೊಡಬೇಕೆಂದಿದ್ದ ಪ್ರಭು ಮೊದಲು ತಾವೇ ಕುಡಿಯಲು ನೀರು ಕೇಳಿದರು. ನೀರು ಕೇಳದೆಯೇ ಉಪದೇಶಿಸಿದ್ದರೆ ಆಕೆ ಕೇಳಿಸಿಕೊಂಡು ಕೊಡ ಹೊತ್ತು ಹೋಗಿಬಿಡುತ್ತಿದ್ದಳೋ ಏನೋ.

ಈಗ ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕಾಗಿದೆ. ನಾವು ಈ ಧರ್ಮಕೇಂದ್ರಕ್ಕೆ ಬಂದ ಮೊದಲನೆಯ ವರ್ಷ, ನವೆಂಬರ್ ತಿಂಗಳಲ್ಲಿ, ಮೃತರ ಸ್ಮರಣೆಯ ದಿನಗಳು. ಮನೆಮನೆಗೆ ಸೊಪ್ಪು ಮಾರುವ ಒಬ್ಬ ವೃದ್ಧೆ ಗುರುನಿವಾಸಕ್ಕೆ ಬಂದು, ಸೆರಗಿನ ಗಂಟು ಬಿಚ್ಚಿ, ಮಡಿಸಿ ಮಡಿಸಿ ಸಣ್ಣದಾಗಿದ್ದ ನೂರು ರೂಪಾಯಿಯ ನೋಟನ್ನು ಮೇಜಿನ ಮೇಲಿಟ್ಟರು. ತೀರಿಹೋದ ಯಜಮಾನರ ಆತ್ಮಶಾಂತಿಗಾಗಿ ಪೂಜೆ ಆಗಬೇಕಿತ್ತು. ಆ ಹಣ ಎಷ್ಟು ಕಟ್ಟು ಸೊಪ್ಪಿನ ಬೆಲೆ ಎಂಬುದನ್ನು ನಾವು ಬಲ್ಲೆವು. ಕರುಣೆ ಉಕ್ಕಿ ಬಂತು. "ಇದನ್ನು ನೀವೇ ಇಟ್ಟುಕೊಳ್ಳಿ ತಾಯಿ, ಪೂಜೆಯನ್ನು ನಾವು ಹಾಗೆಯೇ ಅರ್ಪಿಸುತ್ತೇವೆ" ಎಂದು ನೋಟನ್ನು ಹಿಂದಕ್ಕೆ ಸರಿಸಿದೆವು. ಒಳ್ಳೆಯ ಕೆಲಸ ಮಾಡಿದೆವೆಂಬ ಸಂತೋಷವೂ ಆಯಿತು. ಆ ತಾಯಿ ನೋಟನ್ನು ಮುಟ್ಟಲಿಲ್ಲ. ಬಹಳ ಹೊತ್ತು ನಿಂತು, "ಯಾಕ್ ಸ್ವಾಮಿ, ನಮ್ಮನೆ ದುಡ್ಡು ದೇವ್ರಿಗೆ ಸೇರಕಿಲ್ವಾ?" ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಏನೋ ಸಮಾಧಾನದ ಮಾತು ಹೇಳಿದೆವು. ಅವರು ನೋಟನ್ನೆತ್ತಿಕೊಂಡು ಹೋಗಿ, ನಾವು ಕಿಟಕಿಯಿಂದ ನೋಡುತ್ತಿದ್ದಂತೆ, ದೇವಾಲಯದ ಕಾಣಿಕೆ ಪೆಟ್ಟಿಗೆಯಲ್ಲಿ ಹಾಕಿದರು. ಬಳಿಕ ಬಹಳ ಕಾಲ ಗುರುನಿವಾಸದ ಮೆಟ್ಟಿಲು ಹತ್ತಲಿಲ್ಲ. ಬಡ ವಿಧವೆಯ ಎರಡು ಕಾಸಿನ ಬಗ್ಗೆ ನಾವು ಎಷ್ಟು ಸಲ ಪ್ರಬೋಧನೆ ಮಾಡಿದ್ದೆವು! ಆ ವಿಧವೆ ತನ್ನ ಬಾಳುವೆಯನ್ನೆಲ್ಲ ಹಾಕಿದಾಗ ಯೇಸುಸ್ವಾಮಿ ಓಡಿಹೋಗಿ ಆಕೆಯ ಕೈ ಹಿಡಿದು ಬೇಡ ತಾಯಿ ಎನ್ನಲಿಲ್ಲ. ನೋಡಿದರು, ಶಿಷ್ಯರನ್ನು ಕರೆದು ತೋರಿಸಿದರು. ಅವರು ಆಕೆಯ ಗೌರವವನ್ನು ಉಳಿಸಿದ ಜಾಗದಲ್ಲಿ ನಾವು ಕಸಿದುಕೊಂಡಿದ್ದೆವು.

ಪಾಠವನ್ನು ಕಲಿಸಲು ದೇವರು ನಮ್ಮ ಕಾಲನ್ನೇ ಮುರಿದರೆಂದು ಹೇಳಿದರೆ ದೈವನಿಂದೆಯಾದೀತು. ಗಂಟೆಗೋಪುರದ ಮೆಟ್ಟಿಲಿನಲ್ಲಿ ಪಾಚಿ ಕಟ್ಟಿತ್ತು, ನಾವು ಎಚ್ಚರ ತಪ್ಪಿದೆವು, ಅಷ್ಟೆ. ಬಲಗಾಲಿಗೆ ಪ್ಲಾಸ್ಟರ್ ಹಾಕಿ ಆರು ವಾರ ಮಂಚದ ಮೇಲಿರಿಸಿದರು. ವೃತವಿಟ್ಟು ಗುರುದೀಕ್ಷೆ ಪಡೆದಂದಿನಿಂದ ನಾವು ಇತರರ ಮಂಚದ ಬಳಿಗೆ ಪರಮಪ್ರಸಾದ ಹೊತ್ತು ಹೋದವರು. ಈಗ ಒಂದು ಲೋಟ ನೀರಿಗೂ ಕೂಗಬೇಕಾಯಿತು. ಮೊದಲ ವಾರ ನಾವು ಒಳ್ಳೆಯ ರೋಗಿಯಾಗಿರಲಿಲ್ಲ. ಬಂದವರಿಗೆಲ್ಲ "ನಿಮಗೇಕೆ ತೊಂದರೆ" ಎಂದೇ ಹೇಳುತ್ತಿದ್ದೆವು. ಅದು ಉಪಚಾರದ ಮಾತು, ಒಳಗಿದ್ದದ್ದು ಸಿಟ್ಟು.

ನಮ್ಮ ಯುವಕರು ಸರದಿ ಹಾಕಿಕೊಂಡು ನೋಡಿಕೊಂಡರು. ಅವರಲ್ಲಿ ಒಬ್ಬ, ಭಾನುವಾರ ದೇವಾಲಯದ ಒಳಗೆ ಬರುವುದಕ್ಕಿಂತ ಹೊರಗಿನ ಮರದಡಿ ಬೈಕಿನ ಮೇಲೆ ಕೂರುವುದೇ ಹೆಚ್ಚು ಎಂದು ನಾವು ಬೈದಿದ್ದ ಹುಡುಗ, ಒಂದು ಸಂಜೆ ಬಕೆಟ್ಟಿನಲ್ಲಿ ಬಿಸಿನೀರು ತಂದ. ಮೈ ಒರೆಸಿದ. ಆಮೇಲೆ ಮುರಿಯದ ಎಡಗಾಲಿನತ್ತ ಕೈಚಾಚಿ, "ಕಾಲು ಈಚೆ ಕೊಡಿ ಸ್ವಾಮಿ" ಎಂದ. ನಾವು ಕಾಲನ್ನು ಎಳೆದುಕೊಂಡೆವು. ಬೇಡಪ್ಪ ಎಂದೆವು. ಎಂದ ಗಳಿಗೆಯಲ್ಲೇ ಆ ಮಾತು ಯಾರದೆಂದು ನೆನಪಾಯಿತು. ಇಷ್ಟು ವರ್ಷ ಪವಿತ್ರ ಗುರುವಾರದಂದು ನಾವು ಯೇಸುವಿನ ಜಾಗದಲ್ಲಿ ಮಂಡಿಯೂರಿ ತೊಳೆಯುತ್ತಿದ್ದೆವು, ಪೇತ್ರನ ಪೀಠದಲ್ಲಿ ಒಮ್ಮೆಯೂ ಕುಳಿತಿರಲಿಲ್ಲ. ಕುಳಿತು ನೋಡಿದರೆ ತಿಳಿಯುತ್ತದೆ, ಮಂಡಿಯೂರುವುದೇ ಸುಲಭ. ಆ ಹುಡುಗ ಬೆರಳುಗಳ ಸಂದಿಯನ್ನೂ ಬಿಡದೆ ತೊಳೆದ. ನಮ್ಮ ಕಾಲು ಆ ದಿನ ಸೋಪು ಕಂಡಿರಲಿಲ್ಲ.

ಮಾರನೆಯ ದಿನವೋ ಅದರ ಮರುದಿನವೋ ಸೊಪ್ಪಿನ ತಾಯಿ ಬಂದರು. ಮುಚ್ಚಿದ ಪಾತ್ರೆಯಲ್ಲಿ ಮುದ್ದೆ, ಮಸ್ಸೊಪ್ಪು. ಹಳೆಯ ಚಾಳಿಯಂತೆ ನಮ್ಮ ಬಾಯಲ್ಲಿ "ಯಾಕೆ ತಾಯಿ ತೊಂದರೆ" ಎಂದು ಬಂದೇ ಬಿಟ್ಟಿತು. "ಈಗ್ಲಾದ್ರೂ ಸುಮ್ಕೆ ತಿನ್ನಿ ಸ್ವಾಮಿ" ಎಂದರು. ತಿಂದೆವು. ತಿನ್ನುವವರೆಗೆ ಅವರು ಬಾಗಿಲ ಬಳಿ ಕುಳಿತಿದ್ದು, ಪಾತ್ರೆ ತೊಳೆದುಕೊಂಡು ಹೋದರು. ನೂರು ರೂಪಾಯಿಯ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಅಂದು ನಮಗೆ ಸಿಕ್ಕ ಕ್ಷಮೆಗೆ ನಾವು ಏನನ್ನೂ ತೆತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇದನ್ನೆಲ್ಲ ಕೇಳಿ, ದುಡಿಯುವುದನ್ನು ಬಿಟ್ಟು ಕೈಚಾಚಿ ಕೂರುವುದೇ ಸದ್ಗುಣವೆಂದು ಯಾರೂ ಭಾವಿಸಬಾರದು. ಸಂತ ಪೌಲರು ಗುಡಾರ ಕಟ್ಟುವ ಕಸುಬಿನಿಂದ ಹೊಟ್ಟೆ ಹೊರೆದುಕೊಂಡವರು. ಕೊರಿಂಥದವರಿಂದ ಅವರು ಏನನ್ನೂ ತೆಗೆದುಕೊಳ್ಳಲಿಲ್ಲ. ಆದರೆ ಅದೇ ಪೌಲರು ಫಿಲಿಪ್ಪಿಯವರು ಕಳುಹಿಸಿದ ಕಾಣಿಕೆಯನ್ನು ಸೆರೆಯಲ್ಲಿದ್ದಾಗ ಸ್ವೀಕರಿಸಿ, ಅತ್ಯಂತ ಆನಂದದಿಂದ ಅವರಿಗೆ ಪತ್ರ ಬರೆದರು. ಅದನ್ನು ಹೊತ್ತು ತಂದ ಎಪಫ್ರೊದೀತನು ಕಾಯಿಲೆಬಿದ್ದು ಸಾವಿನ ಅಂಚಿಗೆ ಹೋಗಿದ್ದನೆಂಬುದನ್ನೂ ಅದರಲ್ಲಿ ತಿಳಿಸಿದ್ದಾರೆ. ಯಾರಿಂದ ಪಡೆಯಬೇಕು, ಯಾವಾಗ ಬೇಡವೆನ್ನಬೇಕು ಎಂಬ ವಿವೇಚನೆ ಅವರಿಗಿತ್ತು. ಪ್ರೀತಿ ಬಲವಾಗಿದ್ದ ಕಡೆ ಅವರು ಪಡೆದರು. ಕೊರಿಂಥದವರಲ್ಲಿ ಆಡಿಕೊಳ್ಳುವವರು ಹೆಚ್ಚಾಗಿದ್ದರು.

ನಮ್ಮ ನಾಡಿನ ಧರ್ಮಸಭೆಯೂ ಪಡೆದು ಬೆಳೆದದ್ದೇ. 1792ರಲ್ಲಿ ಭಾರತಕ್ಕೆ ಬಂದು ಮೈಸೂರು ಸೀಮೆಯಲ್ಲಿ ದುಡಿದು 1823ರಲ್ಲಿ ಫ್ರಾನ್ಸಿಗೆ ಮರಳಿದ ಅಬ್ಬೆ ದ್ಯುಬುವಾ ಅವರು ಇಲ್ಲಿಯ ಉಡುಪನ್ನು ತೊಟ್ಟು, ಇಲ್ಲಿಯ ಆಹಾರವನ್ನುಂಡು, ಇಲ್ಲಿಯ ಭಾಷೆಯನ್ನು ಇಲ್ಲಿಯವರಿಂದಲೇ ಕಲಿತರು. ಕಲಿಸಲು ಬಂದವರು ಮೊದಲು ಶಿಷ್ಯರಾದರು. 1933ರಲ್ಲಿ ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ ಅಸ್ತಿಭಾರದ ಕಲ್ಲನ್ನಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅನ್ಯಧರ್ಮದ ಅರಸರ ಕೈಯಿಂದ ಆ ಕಲ್ಲನ್ನು ಪಡೆಯಲು ನಮ್ಮ ಹಿರಿಯರು ಹಿಂಜರಿಯಲಿಲ್ಲ.

ಅರಸರಿಂದ ಪಡೆಯುವುದು ಸುಲಭ, ಪ್ರಿಯರೇ. ಮೇಲಿನವರು ಕೊಟ್ಟರೆ ಅದು ಗೌರವ. ನಮ್ಮ ಪರೀಕ್ಷೆ ಇರುವುದು ಬೇರೆ ಕಡ���. ಈ ಹಬ್ಬದ ಸಮಿತಿಯಲ್ಲಿ ಒಂದು ವಿಷಯ ಚರ್ಚೆಗೆ ಬಂತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಊರಿಗೆಲ್ಲ ತಿಳಿದಿದೆ. ನವದಿನಗಳ ಒಂದೊಂದು ರಾತ್ರಿಯ ಊಟವನ್ನು ಒಂದೊಂದು ಬೀದಿಯವರು ವಹಿಸಿಕೊಳ್ಳುವುದೆಂದಾಯಿತು. ಕೆರೆಯಾಚೆಯ ಕಾಲೋನಿಯವರೂ ತಮಗೊಂದು ದಿನ ಬೇಕೆಂದರು. "ಪಾಪ, ಅವರಿಗೇಕೆ ಹೊರೆ? ಅವರಿಗೆ ವಿನಾಯಿತಿ ಕೊಡೋಣ" ಎಂದು ಸಭೆಯಲ್ಲಿ ಕೆಲವರು ಸೂಚಿಸಿದರು. ಮಾತು ದಯೆಯದಾಗಿತ್ತು. ಆದರೆ ಅದನ್ನು ಕೇಳಿದಾಗ ನಮ್ಮ ಮೇಜಿನ ಮೇಲಿದ್ದ ನೂರು ರೂಪಾಯಿಯ ನೋಟು ನಮ್ಮ ಕಣ್ಣ ಮುಂದೆ ಬಂತು. ಕ್ರಿಸ್ಮಸ್ಸಿಗೆ ಕಾಲೋನಿಯ ಮಕ್ಕಳಿಗೆ ಬಟ್ಟೆ ಹಂಚುವವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ದೇವರು ಅವರನ್ನು ಆಶೀರ್ವದಿಸಲಿ. ಬಟ್ಟೆ ಕೊಟ್ಟು ಬರುವಾಗ ಅದೇ ಮನೆಯ ಜಗಲಿಯಲ್ಲಿ ಕುಳಿತು ಒಂದು ಲೋಟ ಕಾಫಿ ಕುಡಿದವರು ಎಷ್ಟು ಮಂದಿ? ಕೈಗಳನ್ನು ನಾವು ಎಣಿಸುವುದಿಲ್ಲ. ಅಲ್ಲಿ ನೀರು ಮುಟ್ಟದ ಕ್ರೈಸ್ತರು ನಮ್ಮಲ್ಲಿಲ್ಲವೆಂದು ಬಲಿಪೀಠದ ಮುಂದೆ ನಿಂತು ಹೇಳಲು ನಮಗೆ ಧೈರ್ಯವಿಲ್ಲ. ಒಂದೇ ಪಾತ್ರೆಯ ಪರಮಪ್ರಸಾದವನ್ನು ಸ್ವೀಕರಿಸುವ ನಾಲಗೆ, ಒಂದೇ ಹಂಡೆಯ ಸಾರನ್ನು ಒಲ್ಲದೆ ಹೋದರೆ, ಆ ಪರಮಪ್ರಸಾದವನ್ನು ನಾವು ಪಡೆದೆವೆಂದು ಹೇಗೆ ತಿಳಿಯುವುದು?

ಸಮಿತಿಯವರು ಕಡೆಗೆ ಒಪ್ಪಿದರು. ಒಪ್ಪಿಸಬೇಕಾಯಿತು ಎಂಬುದು ನಮಗೆ ನೋವಿನ ಸಂಗತಿ. ಒಪ್ಪಿದರು ಎಂಬುದು ಸಂತೋಷದ ಸಂಗತಿ. ಐದನೆಯ ದಿನ, ಎಂದರೆ ಇಂದಿನ ಊಟ, ಕಾಲೋನಿಯವರದು. ಬೆಳಗಿನ ಜಾವದಿಂದ ಶಾಲೆಯ ಹಿಂದೆ ಒಲೆ ಹೂಡಿ ಅಡಿಗೆ ಮಾಡಿದ್ದಾರೆ. ಅನ್ನ, ಹುರುಳಿಕಾಳಿನ ಸಾರು, ಪಲ್ಯ, ಪಾಯಸ. ಇದಕ್ಕಾಗಿ ಮನೆಗೊಂದಿಷ್ಟು ಎಂದು ಕೂಡಿಸಿದ್ದಾರೆ. ಯಾರು ಎಷ್ಟು ಕೊಟ್ಟರೆಂದು ನಾವು ಕೇಳಲಿಲ್ಲ, ಅವರು ಬರೆದಿಟ್ಟಿಲ್ಲ. ಸೊಪ್ಪಿನ ಪಲ್ಯದ ಜವಾಬ್ದಾರಿ ಯಾರದೆಂಬುದನ್ನು ನೀವೇ ಊಹಿಸಬಹುದು.

ಈಗ ಪರಮಪ್ರಸಾದದ ಆಶೀರ್ವಾದವಾಗುವುದು. ಅನಂತರ ಯಾರೂ ಮನೆಗೆ ಹೊರಡಬಾರದು. ಶಾಮಿಯಾನದಲ್ಲಿ ಎಲೆ ಹಾಕಿದ್ದಾರೆ. ಮಳೆ ಬರುವ ಸೂಚನೆಯಿದೆ, ಆದಕಾರಣ ಎರಡೇ ಪಂಕ್ತಿಯಲ್ಲಿ ಮುಗಿಸಬೇಕೆಂದು ಬಡಿಸುವವರು ಹೇಳಿಕಳುಹಿಸಿದ್ದಾರೆ. ಮೊದಲನೆಯ ಪಂಕ್ತಿಯಲ್ಲಿ ನಾವು ಕೂರುತ್ತೇವೆ. ನಮ್ಮ ಎರಡೂ ಪಕ್ಕದ ಎಲೆಗಳು ಸಮಿತಿಯ ಸದಸ್ಯರಿಗೆ ಕಾದಿವೆ.